ಓವನ್ ಸ್ಟಾರ್ಟರ್ ಯಾಕೆ ಮೆತ್ತಗಾಯ್ತು? ಪಾರ್ಟಿ ತರಕಾರಿ ತಿನಿಸುಗಳ ದೋಷ ನಿವಾರಣೆ ಕೈಪಿಡಿ

ದಾವಣಗೆರೆ ಕಡೆ ಸಂಜೆ ಮನೆಗೆ ನಾಲ್ಕು ಜನ ಬಂದರೆ ಮಂಡಕ್ಕಿ, ಮಿರ್ಚಿ ತಟ್ಟೆಗೆ ಬಂದೇ ಬರುತ್ತವೆ. ಬಾಣಲೆ ಕೆಲಸ ಇಲ್ಲಿ ಎಲ್ಲರ ಕೈಗೂ ಪಳಗಿದೆ. ಹಿಟ್ಟಿನ ಒಂದು ಹನಿ ಬಿಟ್ಟು ನೋಡಿದರೆ ಎಣ್ಣೆ ಕಾದಿದೆಯೋ ಇಲ್ಲವೋ ತಿಳಿಯುತ್ತದೆ. ಓವನ್ ಹಾಗಲ್ಲ, ಗಾಜಿನ ಆಚೆ ಏನಾಗುತ್ತಿದೆ ಎಂದು ಕಿವಿಗೂ ಗೊತ್ತಾಗುವುದಿಲ್ಲ, ಮೂಗಿಗೂ ಬೇಗ ಗೊತ್ತಾಗುವುದಿಲ್ಲ. ನಲವತ್ತು ಜನರ ಹುಟ್ಟುಹಬ್ಬಕ್ಕೆಂದು ಟ್ರೇ ಹೊರತೆಗೆದಾಗ ಗೋಬಿ ಒದ್ದೆ, ಕ್ಯಾಪ್ಸಿಕಂ ಅಡಿಯಲ್ಲಿ ನೀರು, ಕಟ್ಲೆಟ್ ಮೇಲೆ ಕಪ್ಪು ಒಳಗೆ ತಣ್ಣಗೆ. ಆಗ ಹೆಚ್ಚಿನವರ ಕೈ ಹೋಗುವುದು ಶಾಖದ ಗುಂಡಿಗೆ. ಅದನ್ನು ತಿರುಗಿಸುವ ಮೊದಲು ಇದನ್ನೊಮ್ಮೆ ಓದಿ. ಬಹುಪಾಲು ಸಲ ಕೆಟ್ಟಿರುವುದು ಶಾಖವಲ್ಲ, ನೀರಿನ ಲೆಕ್ಕ.

ಬಾಣಲೆಯ ಎಣ್ಣೆ 175–180 ಡಿಗ್ರಿ ಸೆಲ್ಸಿಯಸ್‌ನಲ್ಲಿ ತರಕಾರಿಯನ್ನು ಸುತ್ತಲೂ ಅಪ್ಪಿ ಹಿಡಿಯುತ್ತದೆ. ಮಿರ್ಚಿ ಬಿಟ್ಟಾಗ ಕೇಳುವ ಚುರ್ ಸದ್ದು ನೀರು ಆವಿಯಾಗಿ ಓಡಿಹೋಗುವ ಸದ್ದು. ಓವನ್‌ನಲ್ಲಿ ಇರುವುದು ಗಾಳಿ, ಶಾಖ ಮುಟ್ಟಿಸುವುದರಲ್ಲಿ ಅದು ಸೋಮಾರಿ. 200 ಡಿಗ್ರಿ ಓವನ್ನಿನ ಗಾಳಿಗೆ ಒಂದು ಕ್ಷಣ ಕೈ ಒಡ್ಡಬಹುದು, 180ರ ಎಣ್ಣೆಗೆ ಬೆರಳ ತುದಿಯನ್ನೂ ಅದ್ದಲಾಗದು. ತರಕಾರಿಯ ಮೇಲ್ಮೈಯಲ್ಲಿ ನೀರಿರುವಷ್ಟು ಹೊತ್ತು ಆ ಮೇಲ್ಮೈ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಕೆಂಪಗಾಗುವುದು, ಘಮ ಬರುವುದು ಶುರುವಾಗುವುದು 140ರ ಮೇಲೆ. ಅಂದರೆ ಒದ್ದೆ ಗೋಬಿಯನ್ನು ಎಷ್ಟೇ ಬಿಸಿ ಓವನ್‌ಗೆ ಇಟ್ಟರೂ ಮೊದಲ ಹದಿನೈದು ನಿಮಿಷ ಅದು ಬೇಯುತ್ತಿರುತ್ತದೆ ಅಷ್ಟೇ, ಹುರಿಯುತ್ತಿರುವುದಿಲ್ಲ.

ಹೂಕೋಸು, ಕ್ಯಾಪ್ಸಿಕಂ, ಅಣಬೆ, ಬದನೆ ಇವೆಲ್ಲದರ ತೂಕದಲ್ಲಿ ನೂರಕ್ಕೆ 92ರ ಆಸುಪಾಸು ನೀರೇ. ಸೋರೆಕಾಯಿಯಲ್ಲಿ ಇನ್ನೂ ಹೆಚ್ಚು. ಆಲೂಗಡ್ಡೆಯಲ್ಲಿ ಸುಮಾರು 80. ಓವನ್‌ನಲ್ಲಿ ಆಲೂಗಡ್ಡೆ ಎಲ್ಲರ ಕೈಗೂ ಒಲಿಯುವುದು ಇದಕ್ಕೇ.

ಮೊದಲು ಓವನ್ನಿನ ಮೇಲಿನ ಅನುಮಾನ ಕಳೆದುಕೊಳ್ಳಿ

ಇದಕ್ಕೆ ಒಂದು ಚಮಚ ಸಕ್ಕರೆ ಸಾಕು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಓಟಿಜಿಯನ್ನು (ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ಮನೆಯ ವಿದ್ಯುತ್ ಓವನ್) 175ಕ್ಕೆ ಇಟ್ಟು ಇಪ್ಪತ್ತು ನಿಮಿಷ ಕಾಯಿಸಿ, ಫಾಯಿಲ್ ಬಟ್ಟಲಲ್ಲಿ ಸಕ್ಕರೆ ಹಾಕಿ ನಡುವಿನ ಹಂತದಲ್ಲಿ 15 ನಿಮಿಷ ಇಡಿ. ಕರಗಬಾರದು. ಕರಗಿದರೆ ನಿಮ್ಮ ಓವನ್ ತೋರಿಸುವುದಕ್ಕಿಂತ ಹೆಚ್ಚು ಬಿಸಿ, ಇನ್ನು ಮುಂದೆ ಗುಂಡಿಯನ್ನು 15–20 ಡಿಗ್ರಿ ಕೆಳಗೇ ಇಡಿ. ಕರಗದಿದ್ದರೆ ಹೊಸ ಸಕ್ಕರೆ ಹಾಕಿ, 190ಕ್ಕೆ ಏರಿಸಿ, ಮತ್ತೆ 15 ನಿಮಿಷ. ಈಗ ಕರಗಲೇಬೇಕು. ಹರಳು ಹರಳಾಗಿಯೇ ಉಳಿದರೆ ಓವನ್ ಹಿಂದೆ ಬಿದ್ದಿದೆ.

ಒಂದು ಮೂಲೆ ಸುಡುತ್ತದೆ, ಇನ್ನೊಂದು ಬೆಳ್ಳಗೇ ಇರುತ್ತದೆ ಎಂದಾದರೆ ಕಂಬಿಯ ಮೇಲೆ ಬ್ರೆಡ್ ಹೋಳುಗಳನ್ನು ಒತ್ತಾಗಿ ಜೋಡಿಸಿ 180ರಲ್ಲಿ ಎಂಟು–ಹತ್ತು ನಿಮಿಷ ಇಡಿ. ಎಲ್ಲಿ ಕಂದು, ಎಲ್ಲಿ ಬಿಳಿ ಎಂಬ ನಕ್ಷೆ ಕಣ್ಣ ಮುಂದೆ ಬರುತ್ತದೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ, ಆ ಓವನ್ ಇರುವಷ್ಟು ದಿನ ಕೆಲಸಕ್ಕೆ ಬರುತ್ತದೆ.

ಕಾದಿದೆ ಎಂದು ಹೇಳುವ ದೀಪವನ್ನು ಪೂರ್ತಿ ನಂಬಬೇಡಿ. ಆ ಹೊತ್ತಿಗೆ ಕಾದಿರುವುದು ಒಳಗಿನ ಗಾಳಿ ಮಾತ್ರ, ಗೋಡೆಗಳು ಇನ್ನೂ ತಣ್ಣಗಿರುತ್ತವೆ, ಬಾಗಿಲು ತೆರೆದ ಕೂಡಲೇ ಶಾಖ ದೊಪ್ಪೆಂದು ಬೀಳುತ್ತದೆ. ದೀಪ ಆರಿದ ಮೇಲೆ ಇನ್ನೂ ಹತ್ತು ನಿಮಿಷ ಬಿಡಿ.

ಬೆಳಿಗ್ಗೆ ಚೆನ್ನಾಗಿ ಬಂದದ್ದು ಸಂಜೆ ಅದೇ ಅಳತೆಗೆ ಪೇಲವವಾಗಿ ಬಂದರೆ ವೋಲ್ಟೇಜ್ ನೋಡಿ. 230ರ ಬದಲು 200 ವೋಲ್ಟ್ ಬಂದರೆ ಕಾಯಿಲ್ ಕೊಡುವ ಶಾಖ ಮುಕ್ಕಾಲಕ್ಕೆ ಇಳಿಯುತ್ತದೆ. ತೆಳು ತಂತಿಯ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಓವನ್ ಸಿಕ್ಕಿಸಿದರೂ ಇದೇ ಕತೆ, ಜೊತೆಗೆ ತಂತಿ ಬಿಸಿಯಾಗಿ ಬೆಂಕಿಯ ಭಯ ಬೇರೆ. ಓವನ್‌ಗೆ ಗೋಡೆಯ 16 ಆಂಪಿಯರ್ ಸಾಕೆಟ್ಟೇ ಬೇಕು.

ಕನ್ವೆಕ್ಷನ್ ಮೈಕ್ರೋವೇವ್ ಇರುವವರಿಗೆ ಒಂದು ಮಾತು. ಬೇಗ ಆಗಲಿ ಎಂದು ಕಾಂಬಿನೇಷನ್ ಒತ್ತಿದರೆ ಮೈಕ್ರೋವೇವ್ ಒಳಗಿನ ನೀರನ್ನು ಹೊರಕ್ಕೆ ನೂಕುತ್ತದೆ, ಅದು ಮೇಲ್ಮೈಗೆ ಬಂದು ಕೂರುತ್ತದೆ. ಗರಿಗರಿ ಬೇಕಿದ್ದರೆ ಬರೀ ಕನ್ವೆಕ್ಷನ್, ಟ್ರೇ ಎತ್ತರದ ಸ್ಟ್ಯಾಂಡ್ ಮೇಲೆ.

ತಳ ಒದ್ದೆ, ಟ್ರೇಯಲ್ಲಿ ನೀರು

ಅತಿ ಹೆಚ್ಚು ಕಾಣುವ ದೋಷ ಇದು. ನೀರು ಎಲ್ಲಿ ನಿಂತಿದೆ ಎಂದು ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಒಂದು ತುಂಡು ಎತ್ತಿ ತಿರುವಿ ನೋಡಿ. ಅಡಿಯಲ್ಲಿ ತಿಳಿನೀರು ಇದ್ದರೆ ಅದು ತರಕಾರಿಯದು. ಮಸಾಲೆ ಬಣ್ಣದ ನೀರಾದರೆ ಕಲಸಿಟ್ಟು ಬಹಳ ಹೊತ್ತಾಗಿದೆ. ಬಿಳಿ ಮಡ್ಡಿ ನೀರಾದರೆ ಮೊಸರು ಅಥವಾ ಪನೀರ್. ಅಡಿ ಒಣಗಿದ್ದು, ಹೂರಣ ಮಾತ್ರ ಕೊಚಕೊಚ ಎನ್ನುತ್ತಿದ್ದರೆ ಪಲ್ಯ ಬಾಣಲೆಯಲ್ಲಿ ಸಾಕಷ್ಟು ಹುರಿದಿಲ್ಲ.

ಗೋಬಿಯಿಂದ ಶುರು ಮಾಡೋಣ. ಹುಳ ಬಿಡಿಸಲೆಂದು ಉಪ್ಪು, ಅರಿಶಿನದ ಕುದಿನೀರಿಗೆ ಹಾಕುವುದು ಎಲ್ಲರ ಮನೆಯ ರೂಢಿ, ಒಳ್ಳೆಯದೇ. ಎರಡು ನಿಮಿಷ ಸಾಕು. ತಪ್ಪಾಗುವುದು ಆಮೇಲೆ. ಜರಡಿಗೆ ಸುರಿದು, ಐದು ನಿಮಿಷ ಬಿಟ್ಟು ಮಸಾಲೆಗೆ ಹಾಕಿಬಿಡುತ್ತಾರೆ. ಜರಡಿಯಲ್ಲಿ ಮೇಲಿನವು ಒಣಗಿದಂತೆ ಕಂಡರೂ ಕೆಳಗಿನವು ಒಂದರ ಹಬೆಯಲ್ಲಿ ಇನ್ನೊಂದು ನೆನೆಯುತ್ತಿರುತ್ತವೆ. ಹಳೆಯ ಬಿಳಿ ಪಂಚೆಯ ಮೇಲೆ ಒಂದೇ ಪದರವಾಗಿ, ತೊಟ್ಟು ಮೇಲೆ ಹೂ ಕೆಳಗೆ ಮಾಡಿ, ಫ್ಯಾನಿನಡಿ ಅರ್ಧ ಗಂಟೆ ಹರಡಿ. ಚಿತ್ರದುರ್ಗದ ಬೇಸಿಗೆಯ ಒಣಗಾಳಿಗೆ ಅರ್ಧ ಗಂಟೆ ಧಾರಾಳ, ಮಳೆಗಾಲದಲ್ಲಿ ಒಂದು ಗಂಟೆ ಕೊಡಿ. ಒಣಗಿದೆಯೇ ಎಂದು ನೋಡಲು ಒಂದು ಹೂವನ್ನು ಟಿಶ್ಯೂ ಮೇಲೆ ಬೋರಲು ಒತ್ತಿ. ಕಲೆ ಹೂವಿನಷ್ಟೇ ಅಗಲ ಹರಡಿದರೆ ಇನ್ನೂ ಕಾಯಬೇಕು, ಅಲ್ಲಲ್ಲಿ ಚುಕ್ಕೆ ಮಾತ್ರ ಬಿದ್ದರೆ ತಯಾರು.

ಕಲಸುವ ಕ್ರಮವೂ ಮುಖ್ಯ. ಅರ್ಧ ಕಿಲೋ ಗೋಬಿಗೆ ಮೊದಲು ಎರಡು ದೊಡ್ಡ ಚಮಚ ಎಣ್ಣೆ ಸವರಿ. ಆಮೇಲೆ ಎರಡು ದೊಡ್ಡ ಚಮಚ ಕಾರ್ನ್ ಫ್ಲೋರ್, ಒಂದು ಚಮಚ ಅಕ್ಕಿಹಿಟ್ಟು. ಉಪ್ಪು ಕಟ್ಟಕಡೆಗೆ, ಟ್ರೇಗೆ ಸುರಿಯುವ ಮುಂಚಿನ ನಿಮಿಷದಲ್ಲಿ. ಮಸಾಲೆ ಹೀರಿಕೊಳ್ಳಲಿ ಎಂದು ಉಪ್ಪು ಹಾಕಿ ಅರ್ಧ ಗಂಟೆ ಇಟ್ಟರೆ ಉಪ್ಪು ನೀರನ್ನು ಹೊರಗೆಳೆದು ಹಿಟ್ಟನ್ನೆಲ್ಲ ಗೊಜ್ಜು ಮಾಡುತ್ತದೆ. 220 ಡಿಗ್ರಿಯಲ್ಲಿ 22ರಿಂದ 25 ನಿಮಿಷ, ಹದಿನೈದಕ್ಕೆ ಒಮ್ಮೆ ಮಗುಚಿ. ಮೊಸರಿನ ಮಸಾಲೆಯೇ ಬೇಕೆಂದರೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಮೂರು ಗಂಟೆ ತೂಗುಹಾಕಿ, ಅದು ಅರ್ಧದಷ್ಟಾಗಬೇಕು.

ಅಣಬೆಗೆ ಹೂರಣ ತುಂಬಿ ನೇರವಾಗಿ ಓವನ್‌ಗೆ ಇಟ್ಟರೆ ಅದು ಬಟ್ಟಲಿನ ಹಾಗೆ ತನ್ನ ನೀರನ್ನು ತನ್ನಲ್ಲೇ ತುಂಬಿಕೊಂಡು ಕೂರುತ್ತದೆ. ತೊಟ್ಟು ಕಿತ್ತು, ಖಾಲಿ ಅಣಬೆಯನ್ನು ಕಂಬಿಯ ಮೇಲೆ ಬೋರಲು ಹಾಕಿ, ಕೆಳಗೆ ಟ್ರೇ ಇಟ್ಟು 200ರಲ್ಲಿ ಹತ್ತು–ಹನ್ನೆರಡು ನಿಮಿಷ ಬಿಡಿ. ನೀರೆಲ್ಲ ಕೆಳಗಿನ ಟ್ರೇಗೆ ಬೀಳುತ್ತದೆ. ಒರೆಸಿ, ಮೇಲ್ಮುಖ ಮಾಡಿ, ಹೂರಣ ತುಂಬಿ ಇನ್ನೊಂದು ಎಂಟು ನಿಮಿಷ. ಅಣಬೆ ಗಾತ್ರದಲ್ಲಿ ಕುಗ್ಗುತ್ತದೆ, ಗಾಬರಿ ಬೇಡ, ಕೊಳ್ಳುವಾಗಲೇ ದೊಡ್ಡದನ್ನು ಆರಿಸಿ.

ಕ್ಯಾಪ್ಸಿಕಂಗೂ ಇದೇ ಉಪಾಯ. ಉದ್ದುದ್ದ ಅರ್ಧ ಸೀಳಿ, ಬಾಯಿ ಕೆಳಗೆ ಮಾಡಿ ಎಂಟು ನಿಮಿಷ. ಅದರ ಹೂರಣಕ್ಕೆ ಟೊಮೆಟೊ ಹಾಕುವುದಾದರೆ ಬೀಜದ ರಸ ತೆಗೆದೇ ಹಾಕಿ. ಬಾಣಲೆಯಲ್ಲಿ ಹುರಿಯುವಾಗ ಸಟ್ಟುಗದಿಂದ ನಡುವೆ ಗೆರೆ ಎಳೆದು ನೋಡಿ. ಗೆರೆ ಹಾಗೇ ನಿಂತರೆ ಹೂರಣ ಹದಕ್ಕೆ ಬಂದಿದೆ, ನೀರು ಒಸರಿ ಗೆರೆ ಮುಚ್ಚಿದರೆ ಬಂದಿಲ್ಲ. ಹೊತ್ತಿಲ್ಲ ಎಂದಾಗ ಕಾಲು ಕಿಲೋ ಹೂರಣಕ್ಕೆ ಎರಡು ದೊಡ್ಡ ಚಮಚ ಹುರಿಗಡಲೆ ಪುಡಿ ಬೆರೆಸಿ. ಬ್ರೆಡ್ ಪುಡಿಗಿಂತ ಇದು ವಾಸಿ, ರುಚಿಯೂ ನಮ್ಮದೇ.

ಕೋಸು, ಕ್ಯಾರೆಟ್, ಸೋರೆಕಾಯಿಯ ಕಟ್ಲೆಟ್ ಕುಸಿಯುತ್ತಿದ್ದರೆ ಹಿಟ್ಟಿನ ಮೇಲೆ ಹಿಟ್ಟು ಸುರಿಯುವುದು ಪರಿಹಾರವಲ್ಲ, ಅದು ಒಳಗೆ ಹಸಿಹಿಟ್ಟಿನ ಮುದ್ದೆಯಾಗುತ್ತದೆ. ಅರ್ಧ ಕಿಲೋ ತುರಿಗೆ ಒಂದು ಚಮಚ ಉಪ್ಪು ಹಾಕಿ ಇಪ್ಪತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಹಿಂಡಿ. ಬರುವ ನೀರನ್ನು ಚಪಾತಿ ಹಿಟ್ಟಿಗೆ ಬಳಸಿ, ಆದರೆ ಅದರಲ್ಲಿ ಉಪ್ಪಿದೆ ಎಂಬುದು ನೆನಪಿರಲಿ. ಇಲ್ಲಿ ಉಪ್ಪನ್ನು ಮೊದಲೇ ಹಾಕುತ್ತೇವೆ, ಗೋಬಿಗೆ ಕೊನೆಗೆ. ಎರಡೂ ಕಡೆ ಉಪ್ಪು ಮಾಡುವ ಕೆಲಸ ಒಂದೇ, ನಮಗೆ ಬೇಕಾದ ಹೊತ್ತು ಬೇರೆ.

ಇಷ್ಟೆಲ್ಲ ಮಾಡಿಯೂ ಒದ್ದೆಯಾದರೆ ಟ್ರೇ ನೋಡಿ. ತುಂಡುಗಳ ನಡುವೆ ಒಂದು ಬೆರಳಿನಷ್ಟಾದರೂ ಜಾಗವಿದೆಯೇ? ಒತ್ತೊತ್ತಾಗಿ ಜೋಡಿಸಿದರೆ ಅದು ಓವನ್ ಅಲ್ಲ, ಇಡ್ಲಿ ಪಾತ್ರೆ.

ಮೇಲೆ ಕಪ್ಪು, ಒಳಗೆ ಹಸಿ

ಕಪ್ಪಾದದ್ದು ತರಕಾರಿಯೋ, ಮಸಾಲೆಯೋ, ಎಣ್ಣೆಯೋ ಎಂದು ಉಗುರಿನಿಂದ ಕೆರೆದು ನೋಡಿ. ಕಪ್ಪು ಪುಡಿಯಾಗಿ ಉದುರಿ, ಅಡಿಯಲ್ಲಿ ತರಕಾರಿ ಹಸಿರಾಗಿಯೇ ಇದ್ದರೆ ಸುಟ್ಟಿರುವುದು ಮಸಾಲೆ. ಖಾರದ ಪುಡಿ, ಜಜ್ಜಿದ ಬೆಳ್ಳುಳ್ಳಿ 220ರಲ್ಲಿ ಇಪ್ಪತ್ತು ನಿಮಿಷ ತಡೆಯವು, ಕಹಿಯಾಗುತ್ತವೆ. ಅರ್ಧ ಖಾರವನ್ನು ಎಣ್ಣೆಯಲ್ಲಿ ಕಲಸಿ, ಇನ್ನರ್ಧವನ್ನು ಇಳಿಸಿದ ಮೇಲೆ ಉದುರಿಸಿ.

ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ಸೀಮೆಯಲ್ಲಿ ಶೇಂಗಾ ಎಣ್ಣೆ ಬಿಟ್ಟು ಬೇರೆ ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಗಾಣದ ಎಣ್ಣೆ ಬೇರೆ, ರಿಫೈನ್ಡ್ ಬೇರೆ. ಗಾಣದ್ದು ಬೇಗ ಹೊಗೆಯಾಡುತ್ತದೆ. ಟ್ರೇ ಮೇಲೆ ತೆಳ್ಳಗೆ ಹರಡಿದ ಗಾಣದ ಎಣ್ಣೆ 220ರಲ್ಲಿ ಸುಟ್ಟು ಅಂಟಾಗುತ್ತದೆ, ತರಕಾರಿಯ ಅಡಿಗೆ ಕಹಿ ಕಟ್ಟುತ್ತದೆ. ಆ ಶಾಖಕ್ಕೆ ರಿಫೈನ್ಡ್ ಎಣ್ಣೆಯೋ ತುಪ್ಪವೋ ಸರಿ. ಗಾಣದ ಎಣ್ಣೆಯ ಘಮ ಬೇಕೆಂದರೆ ಕೊನೆಗೆ ಒಂದು ಚಮಚ ಮೇಲೆ ಹನಿಸಿ.

ಇನ್ನು ಬೆಣ್ಣೆ. ಬೆಣ್ಣೆ ದೋಸೆಯ ಊರಿನಲ್ಲಿ ಬೆಣ್ಣೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಆದರೂ ಓವನ್‌ಗೆ ಹೋಗುವ ಮುಂಚೆ ಬೇಡ. ಪ್ಯಾಕೆಟ್ ಬೆಣ್ಣೆಯಲ್ಲೇ ನೂರಕ್ಕೆ 16ರವರೆಗೆ ನೀರಿರುತ್ತದೆ, ಮನೆಯಲ್ಲಿ ಕಡೆದ ಬಿಳಿ ಬೆಣ್ಣೆಯಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು. ಆ ನೀರು ಹೊದಿಕೆಯನ್ನು ಮೆತ್ತಗೆ ಮಾಡುತ್ತದೆ, ಅದರಲ್ಲಿರುವ ಹಾಲಿನ ಗಷ್ಟು ಕಪ್ಪಾಗುತ್ತದೆ. ಒಂದೇ ಬೆಣ್ಣೆಯಿಂದ ಎರಡೂ ದೋಷ. ದೋಸೆಯ ಮೇಲೆ ಹಾಕುವಂತೆಯೇ ಇಲ್ಲಿಯೂ ಬಿಸಿ ಬಿಸಿ ಇಳಿಸಿದ ಮೇಲೆ ಹಾಕಿ.

ಆಲೂಗಡ್ಡೆ ಹೋಳು ಹತ್ತೇ ನಿಮಿಷದಲ್ಲಿ ಕಡುಕಂದಾಗಿ, ಒಳಗೆ ಗಟ್ಟಿಯಾಗಿಯೇ ಉಳಿದು, ತಿಂದರೆ ಸಿಹಿ ಎನಿಸಿದರೆ ಆಲೂಗಡ್ಡೆ ಫ್ರಿಜ್‌ನಲ್ಲಿತ್ತು ಎಂದರ್ಥ. ಚಳಿಗೆ ಅದರ ಪಿಷ್ಟ ಸಕ್ಕರೆಯಾಗುತ್ತದೆ, ಸಕ್ಕರೆ ಬೇಗ ಕೆಂಪಗಾಗುತ್ತದೆ. ಶಾಖ ಇಳಿಸಿ ಗೆಲ್ಲಲಾಗದು. ಬೇರೆ ಆಲೂಗಡ್ಡೆ ತನ್ನಿ, ಫ್ರಿಜ್ಜಿನದನ್ನು ಹುಳಿಗೆ ಹಾಕಿ. ಒಳ್ಳೆಯ ಆಲೂಗಡ್ಡೆಯನ್ನೂ ಹೆಬ್ಬೆರಳು ದಪ್ಪಕ್ಕೆ ಹೆಚ್ಚಿ, ಉಪ್ಪುನೀರಿನಲ್ಲಿ ಆರೇಳು ನಿಮಿಷ ಕುದಿಸಿ, ಬಸಿದು, ಅದೇ ಬಿಸಿ ಪಾತ್ರೆಯಲ್ಲಿ ಒಮ್ಮೆ ಕುಲುಕಿ. ಅಂಚು ತರಿತರಿಯಾದರೆ ಅಲ್ಲೇ ಗರಿ ಹಿಡಿಯುತ್ತದೆ.

ಮಿರ್ಚಿ ಹಿಟ್ಟು ಟ್ರೇ ತುಂಬ ಹರಿದಾಗ

ಬಜ್ಜಿ ಮೆಣಸಿನಕಾಯಿಯನ್ನು ಮಾಮೂಲಿ ಕಡಲೆಹಿಟ್ಟಿನಲ್ಲಿ ಅದ್ದಿ ಓವನ್‌ಗೆ ಇಟ್ಟವರಿಗೆಲ್ಲ ಸಿಗುವುದು ಒಂದೇ ಫಲ. ಕಾಯಿ ಬೆತ್ತಲೆ, ಅಡಿಯಲ್ಲಿ ಹಳದಿ ದೋಸೆ. ಎಣ್ಣೆಯಲ್ಲಿ ಹಿಟ್ಟು ಕ್ಷಣದಲ್ಲಿ ಗಟ್ಟಿಯಾಗಿ ಕಾಯಿಯನ್ನು ಹಿಡಿದುಕೊಳ್ಳುತ್ತದೆ, ಓವನ್‌ನಲ್ಲಿ ಅದಕ್ಕೆ ಕೆಲವು ನಿಮಿಷ ಬೇಕು, ಅಷ್ಟರಲ್ಲಿ ಜಾರಿಬಿಡುತ್ತದೆ. ಮಾಡಲೇಬೇಕೆಂದರೆ ಒಂದು ಕಪ್ ಕಡಲೆಹಿಟ್ಟನ್ನು ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಹುರಿದು ಹಸಿವಾಸನೆ ಕಳೆಯಿರಿ. ಎರಡು ಚಮಚ ಅಕ್ಕಿಹಿಟ್ಟು, ಒಂದು ಚಮಚ ಬಿಸಿ ಎಣ್ಣೆ ಸೇರಿಸಿ, ನೀರನ್ನು ಮಾಮೂಲಿಗಿಂತ ಮೂರನೇ ಒಂದು ಭಾಗ ಕಡಿಮೆ ಹಾಕಿ ಕಲಸಿ. ಬೆರಳಿಂದ ಎತ್ತಿದರೆ ತೊಟ್ಟಿಕ್ಕಬಾರದು, ಅಂಟಿ ನಿಲ್ಲಬೇಕು. ಟ್ರೇಯನ್ನು ಎಣ್ಣೆ ಸವರಿ ಓವನ್ ಒಳಗೇ ಕಾಯಿಸಿ, ಕಾಯಿ ಇಟ್ಟ ಕೂಡಲೇ ಚುರ್ ಎನ್ನಬೇಕು. ಕಾಯಿಯನ್ನು ಸೀಳದೆ ಇಟ್ಟರೆ ಒಳಗಿನ ಆವಿಗೆ ದಾರಿ ಸಿಗದೆ ಪಟ್ ಎಂದು ಒಡೆಯುತ್ತದೆ.

ಇಷ್ಟಾದರೂ ಅದು ಮಿರ್ಚಿ ಅಲ್ಲ. ಈ ಊರಿನಲ್ಲಿ ಅದನ್ನು ಮಿರ್ಚಿ ಎಂದು ತಟ್ಟೆಗಿಟ್ಟರೆ ಹೋಲಿಕೆಯಲ್ಲಿ ಸೋಲುವುದು ಖಂಡಿತ. ಕಾಯಿಯನ್ನು ಉದ್ದಕ್ಕೆ ಸೀಳಿ, ಬೀಜ ತೆಗೆದು, ಆಲೂಗಡ್ಡೆ ಹೂರಣ ತುಂಬಿ, ಮೇಲೆ ಗರಿಪುಡಿ ಒತ್ತಿ 200ರಲ್ಲಿ ಹದಿನೈದು ನಿಮಿಷ ಇಟ್ಟರೆ ಅದಕ್ಕೊಂದು ಸ್ವಂತ ರುಚಿ ಇರುತ್ತದೆ.

ಆ ಗರಿಪುಡಿಗೆ ಬ್ರೆಡ್ ಪುಡಿಯ ಬದಲು ಮಂಡಕ್ಕಿ ಬಳಸಬಹುದು. ಅದರ ಗುಣ ತಿಳಿದಿರಬೇಕು ಅಷ್ಟೇ. ಮಂಡಕ್ಕಿ ಗಾಳಿಯ ತೇವವನ್ನೇ ಎಳೆದುಕೊಳ್ಳುವ ಜಾತಿ, ಒದ್ದೆ ಹೂರಣಕ್ಕೆ ತಾಗಿದರೆ ಕೇಳಬೇಕೆ? ಕಟ್ಲೆಟ್‌ಗೆ ಹೊದಿಸಿ ಅರ್ಧ ಗಂಟೆ ಬಿಟ್ಟರೆ ತೊಗಲಿನಂತೆ ಜಗಿಯಬೇಕಾಗುತ್ತದೆ. 110 ಡಿಗ್ರಿಯಲ್ಲಿ ಐದಾರು ನಿಮಿಷ ಗರಿ ಮಾಡಿಕೊಳ್ಳಿ, ನುಣ್ಣಗೆ ಅರೆಯದೆ ತರಿತರಿಯಾಗಿ ಪುಡಿ ಮಾಡಿ, ಎರಡು ಲೋಟ ಪುಡಿಗೆ ಎರಡು ಚಮಚ ಎಣ್ಣೆ, ಕಾಲು ಲೋಟ ಚಿರೋಟಿ ರವೆ ಬೆರೆಸಿ. ಎಣ್ಣೆ ತೇವಕ್ಕೆ ಅಡ್ಡಿಯಾಗುತ್ತದೆ. ಹೊದಿಸುವುದು ಟ್ರೇಗೆ ಇಡುವ ಮುಂಚಿನ ಗಳಿಗೆಯಲ್ಲಿ.

ಮೆಕ್ಕೆಜೋಳದ ಕಾಳು ಹಲ್ಲಿಗೆ ಸಿಗದಿದ್ದರೆ

ಸುತ್ತಲಿನ ಹೊಲಗಳ ತುಂಬ ಮೆಕ್ಕೆಜೋಳ ಇರುವಾಗ ಪೇಟೆಯ ಸ್ವೀಟ್ ಕಾರ್ನ್ ಯಾಕೆ ಎನಿಸುವುದು ಸಹಜ. ಹೊಲದ ತಳಿ ಬೇರೆ. ಎಳೆಯದಿದ್ದಾಗ ಪರವಾಗಿಲ್ಲ, ಬಲಿತದ್ದು ಓವನ್‌ನಲ್ಲಿ ಇನ್ನೂ ಒಣಗಿ ಕಲ್ಲಾಗುತ್ತದೆ. ಕಾಳಿಗೆ ಉಗುರು ಚುಚ್ಚಿ ನೋಡಿ. ಹಾಲು ಚಿಮ್ಮಿದರೆ ಹಾಗೇ ಬಳಸಿ. ಹಿಟ್ಟು ಹಿಟ್ಟಾಗಿದ್ದರೆ ಕುಕ್ಕರಿನಲ್ಲಿ ನಾಲ್ಕೈದು ಕೂಗು ಕೂಗಿಸಿ, ಒರಟಾಗಿ ರುಬ್ಬಿ ಹೂರಣಕ್ಕೆ ಸೇರಿಸಿ. ಅಂಗಡಿಯಲ್ಲಿ ಮೆಕ್ಕೆಜೋಳದ ಹಿಟ್ಟು ಕೇಳಿದರೆ ಹಳದಿ ಹಿಟ್ಟು ಬರುತ್ತದೆ, ಅದು ಬಿಳಿ ಕಾರ್ನ್ ಫ್ಲೋರ್ ಅಲ್ಲ. ಹೊದಿಕೆ ಮರಳು ಮರಳಾಗಿದ್ದರೆ ಅದಲುಬದಲಾದದ್ದು ಇಲ್ಲೇ.

ಉಳಿದ ಚಿಲ್ಲರೆ ತೊಂದರೆಗಳು. ಕಾಗದ ಹೊಗೆಯಾಡಿ ತಿಂಡಿಗೆ ಅಂಟಿಕೊಂಡರೆ ಅದು ಮೇಣದ ಬಟರ್ ಪೇಪರ್, ಬೇಕಿಂಗ್ ಪೇಪರ್ ಎಂದೇ ಕೇಳಿ ತನ್ನಿ. ಟ್ರೇಗೆ ಅಂಟಿದ ಗೋಬಿಯನ್ನು ಕಿತ್ತು ಎಬ್ಬಿಸಬೇಡಿ, ಇನ್ನೂ ಮೂರು ನಿಮಿಷ ಬಿಟ್ಟರೆ ಅಡಿ ಗರಿಯಾಗಿ ತಾನೇ ಬಿಡುತ್ತದೆ. ಚೀಸ್ ಎಣ್ಣೆ ಬಿಟ್ಟು ತೊಗಲಾದರೆ ಮೊದಲಿನಿಂದ ಹಾಕಿದ್ದೀರಿ, ಕೊನೆಯ ಐದು ನಿಮಿಷಕ್ಕೆ ಹಾಕಿ. ಪಫ್ಸ್ ಪದರ ಬಿಡದಿದ್ದರೆ ಹೂರಣ ಬಿಸಿ ಇತ್ತು, ಇಲ್ಲವೇ ಏಪ್ರಿಲ್ ಸೆಖೆಗೆ ಹಿಟ್ಟಿನ ಕೊಬ್ಬು ಕರಗಿತ್ತು. ತುಂಬಿದ ಮೇಲೆ ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟು ಆಮೇಲೆ 210ಕ್ಕೆ ಇಡಿ.

ಎಲ್ಲ ಸರಿ ಬಂದೂ ಬಡಿಸುವ ಹೊತ್ತಿಗೆ ಕೆಟ್ಟರೆ

ಮೊದಲು ಲೆಕ್ಕ. ನಲವತ್ತು ಜನ, ತಲೆಗೆ ಮೂರು ತುಂಡು, ಒಟ್ಟು 120. ಮೂವತ್ತು ಲೀಟರ್ ಓಟಿಜಿಯ ಟ್ರೇಗೆ ಎರಡು ಇಂಚಿನ ತುಂಡು ಜಾಗ ಬಿಟ್ಟು ಹದಿನೆಂಟು ಹಿಡಿದರೆ ಹೆಚ್ಚು. ಏಳು ಸುತ್ತು, ಸುತ್ತಿಗೆ 25 ನಿಮಿಷ, ನಡುವೆ ಬಾಗಿಲು ತೆರೆದು ಮುಚ್ಚುವ ಹೊತ್ತು ಸೇರಿ ಮೂರು ಗಂಟೆ ಮೀರುತ್ತದೆ. ಈ ಲೆಕ್ಕ ಹಾಕದೆ ಸಂಜೆ ಆರಕ್ಕೆ ಶುರು ಮಾಡಿದವರು ಏಳಕ್ಕೆ ಟ್ರೇ ಮೇಲೆ ಟ್ರೇ ತುರುಕುತ್ತಾರೆ. ಫ್ಯಾನ್ ಇಲ್ಲದ ಓವನ್‌ನಲ್ಲಿ ಮೇಲಿನ ಟ್ರೇಯ ತಲೆ ಸುಡುತ್ತದೆ, ಕೆಳಗಿನದರ ಬುಡ ಸುಡುತ್ತದೆ.

ಎರಡು ಹಂತದಲ್ಲಿ ಮಾಡಿ. ಬೆಳಿಗ್ಗೆ 200ರಲ್ಲಿ ಮುಕ್ಕಾಲು ಪಾಲು ಬೇಯಿಸಿ, ಬಣ್ಣ ಇನ್ನೂ ಪೇಲವವಾಗಿರುವಾಗಲೇ ಇಳಿಸಿ. ಕಂಬಿಯ ಮೇಲೆ ಪೂರ್ತಿ ಆರಲಿ, ಆಮೇಲೆ ಮುಚ್ಚದೆ ಫ್ರಿಜ್‌ಗೆ. ಸಂಜೆ 210ರಲ್ಲಿ ಟ್ರೇಗೆ ಏಳೆಂಟು ನಿಮಿಷ. ನೀರು ಆಗಲೇ ಹೋಗಿರುವುದರಿಂದ ಈ ಸುತ್ತಿನಲ್ಲಿ ಸ್ವಲ್ಪ ಒತ್ತಾಗಿಟ್ಟರೂ ನಡೆಯುತ್ತದೆ, ಏಳು ಟ್ರೇ ಒಂದು ಗಂಟೆಯೊಳಗೆ ಮುಗಿಯುತ್ತವೆ. ಪನೀರ್, ಆಲೂಗಡ್ಡೆ ಹೂರಣದವನ್ನು 32 ಡಿಗ್ರಿ ದಾಟಿದ ಸೆಖೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಇಲ್ಲಿ ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನವೆಲ್ಲ ಅಂಥದ್ದೇ.

ಕೊನೆಯ ಅನುಮಾನ ಹಾಟ್‌ಬಾಕ್ಸ್ ಮೇಲೆ. ಗರಿಗರಿ ಗೋಬಿಯನ್ನು ಬಿಸಿ ಆರದಿರಲಿ ಎಂದು ಅದರೊಳಗೆ ಹಾಕಿ ಐದು ನಿಮಿಷ ಬಿಟ್ಟು ಮುಚ್ಚಳ ತೆಗೆದು ಬೆಳಕಿಗೆ ಹಿಡಿಯಿರಿ. ಒಳಮೈ ತುಂಬ ಸಣ್ಣ ಹನಿಗಳು, ಒಂದಕ್ಕೊಂದು ಕೂಡಿ ಅಂಚಿಗೆ ಜಾರುತ್ತಿರುತ್ತವೆ. ಬೆಳಿಗ್ಗೆಯಿಂದ ಪಂಚೆ ಹಾಸಿ, ಫ್ಯಾನ್ ಹಾಕಿ ಹೊರಗಟ್ಟಿದ ನೀರೇ ಆವಿಯಾಗಿ, ಹನಿಯಾಗಿ ವಾಪಸ್ ಬೀಳುತ್ತಿದೆ. ಅದರ ಬದಲು ಓವನ್ನನ್ನೇ 100 ಡಿಗ್ರಿಗೆ ಇಳಿಸಿ, ಕಂಬಿಯ ಮೇಲೆ ತುಂಡುಗಳನ್ನು ಹರಡಿ, ಬಾಗಿಲನ್ನು ಒಂದು ಬೆರಳು ತೆರೆದಿಡಿ. ಇಪ್ಪತ್ತು ನಿಮಿಷ ಹಾಗೇ ಇರುತ್ತವೆ. ಚಟ್ನಿ, ಸಾಸ್ ಬೇರೆ ಬಟ್ಟಲಲ್ಲಿ. ಅಡುಗೆಮನೆಗೆ ಸಹಾಯಕ್ಕೆ ಬಂದವರು ಪ್ರೀತಿಯಿಂದ ತಟ್ಟೆಗೆ ಮುಚ್ಚಳ ಹುಡುಕತೊಡಗಿದರೆ, "ಅಕ್ಕಾ, ಮುಚ್ಚಬೇಡಿ, ಹಂಗೇ ಇರ್ಲಿ" ಎಂದು ಮೊದಲೇ ಹೇಳಿಬಿಡಿ.